ಹೆಸರು ಅಳಿಸಿದ ಕೊಪ್ಪರಿಗೆ

ಕೊಪ್ಪರಿಗೆಗಳು ಎರಡಿದ್ದವೋ ಮೂರೋ ಎಂಬುದೇ ನನಗೆ ಖಚಿತವಿಲ್ಲ. ನನ್ನ ದಿನಚರಿಯಲ್ಲಿ ಎರಡು ಎಂದಿದೆ. ಕಣ್ಣು ಮುಚ್ಚಿದರೆ ಮೂರು ಕಾಣುತ್ತವೆ. ದಿನಚರಿಯನ್ನೇ ನಂಬೋಣವೆಂದರೆ ಅದನ್ನು ಬರೆದವಳೂ ನಾನೇ. ಕೋರ್ಟಿನಿಂದ ದಣಿದು ಬಂದು, ಅರ್ಧ ಕೇಳಿಸಿಕೊಂಡದ್ದನ್ನು ಪೂರ್ತಿ ಮಾಡಿ ಬರೆಯುವ ಚಾಳಿ ನನಗೆ ಆಗಲೂ ಇತ್ತು. ಇಲ್ಲಿ ಬರುವ ಮಾತುಗಳಲ್ಲಿ ಕೆಲವು ಹಾಗೆಯೇ ಆಡಿದವು, ಕೆಲವು ಹಾಗಿದ್ದಿರಬಹುದಾದವು. ಯಾವುದು ಯಾವುದೆಂದು ಬೇರ್ಪಡಿಸುವ ಶಕ್ತಿ ಈಗ ನನ್ನಲ್ಲಿ ಉಳಿದಿಲ್ಲ. ಆದರೂ ವಕೀಲಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಬಂದು, "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗೆ ಗೆದ್ದ ಕೇಸುಗಳ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇದನ್ನು ಹೇಳುತ್ತೇನೆ.

ಧಾರವಾಡದಲ್ಲಿ ಕಾನೂನು ಓದಿ ಬಂದು, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಹೊನ್ನಾಳಿಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿಕೊಂಡೆ. ಹೆಂಗಸು ಕರಿ ಕೋಟು ಹಾಕಿಕೊಂಡು ಬಂದರೆ ಕಕ್ಷಿದಾರರು ನನ್ನನ್ನು ದಾಟಿ ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ನೋಡುತ್ತಿದ್ದ ಕಾಲ. ಹಿರಿಯರು ನನಗೆ ವಹಿಸಿದ್ದು ಅಮಲ್ಜಾರಿ ಕೇಸುಗಳನ್ನು. ಅಂದರೆ ಸಾಲದ ದಾವೆ ಮುಗಿದು ಡಿಕ್ರಿ ಆದ ಮೇಲೆ, ಆ ಡಿಕ್ರಿಯನ್ನು ವಸೂಲಿಗೆ ತರುವ ಹಂತ. ನಮ್ಮ ಆಫೀಸಿಗೆ ಹೆಚ್ಚಾಗಿ ಬರುತ್ತಿದ್ದವರು ಸೋತವರು.

"ದಾವೆ ನಡೆಸಾಕೆ ಎಲ್ಲರೂ ಬರ್ತಾರೆ ಕಣಮ್ಮ," ಎಂದಿದ್ದರು ಅವರು, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತ. "ಡಿಕ್ರಿ ಆದ ಮೇಲೆ ಸೋತೋನ ಮನೆ ಬಾಗಿಲಲ್ಲಿ ನಿಂತು, ಇದು ಮುಟ್ಟಬ್ಯಾಡ, ಅದು ಮುಟ್ಟಬ್ಯಾಡ ಅನ್ನಾಕೆ ಯಾರಿಗೂ ಬ್ಯಾಡ. ನೀನು ಕಲಿ."

ಕಲಿಯಬೇಕಾದ್ದು ಬಹಳವೇನಿರಲಿಲ್ಲ. ಸೋತವನ ಮನೆಯಿಂದ ಎಲ್ಲವನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಉಡುವ ಬಟ್ಟೆ, ಮನೆಯ ಅಡುಗೆಗೆ ಬೇಕಾದಷ್ಟು ಪಾತ್ರೆ, ಹಾಸಿಗೆ ಹೊದಿಕೆ, ಕಸುಬುದಾರನ ಸಲಕರಣೆ, ರೈತನ ನೇಗಿಲು ಎತ್ತು, ಹೆಂಗಸು ಧರ್ಮದ ಪ್ರಕಾರ ಮೈಯಿಂದ ತೆಗೆಯಬಾರದ ಒಡವೆ, ಇವಕ್ಕೆ ಜಪ್ತಿ ಇಲ್ಲ. ಸೂರ್ಯ ಮುಳುಗಿದ ಮೇಲೆ ಜಪ್ತಿಗೆ ಬಂದ ಕೋರ್ಟಿನ ಅಮೀನ ವಾಸದ ಮನೆಯ ಹೊಸಿಲು ದಾಟುವಂತಿಲ್ಲ. ಬೇರೆಯವರ ಸೊತ್ತನ್ನು ಈ ಮನುಷ್ಯನ ಸಾಲಕ್ಕೆ ಹಿಡಿಯುವಂತಿಲ್ಲ. ಪುಸ್ತಕದಲ್ಲಿ ಇದು ಒಂದು ಪುಟ. ಆ ಪುಟ ಇದೆಯೆಂದು ಸೋತವರಿಗೆ ಗೊತ್ತಿರುವುದಿಲ್ಲ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆಯ ಒಬ್ಬ ಅಜ್ಜ ನೆನಪಾಗುತ್ತಾನೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮನೆಯಲ್ಲಿ ಹಿಡಿಯುವಂಥದ್ದು ಇನ್ನೇನೂ ಇರಲಿಲ್ಲ. ಗೆದ್ದ ಡಿಕ್ರಿದಾರನ ಕಡೆಯ ಮನುಷ್ಯ ಅಜ್ಜನ ಎದೆಯ ಕಡೆಗೇ ಬೆರಳು ತೋರಿಸಿದ. ಅಮೀನ ಹಿಂದೆ ಸರಿದ. ಅಜ್ಜ ತಾನೇ ಕರಡಿಗೆ ಬಿಚ್ಚಿ, ಲಿಂಗವನ್ನು ಒದ್ದೆ ಮಾಡಿದ ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಖಾಲಿ ಬೆಳ್ಳಿಯನ್ನು ಮುಂದೆ ಹಿಡಿದ. "ತಗಾಳ್ರಿ. ಅವನು ನನ್ ಹತ್ರನೇ ಅದಾನೆ."

ಕರಡಿಗೆಯನ್ನು ಬಿಡಿಸಲು ನಾನು ಅರ್ಜಿ ಹಾಕಿದೆ. ಎದುರು ವಕೀಲರು ಎದ್ದು ನಿಂತು, "ಕಾನೂನು ಹೇಳೋದು ಹೆಂಗಸಿನ ಒಡವೆ ಅಂತ. ಅಜ್ಜಾರನ್ನ ಒಂದ್ಸಲ ಸರಿಯಾಗಿ ನೋಡಬೇಕು ತಾವು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನೇ? ದಿನಚರಿ ಏನೂ ಹೇಳುವುದಿಲ್ಲ. ಅರ್ಜಿ ತೀರ್ಮಾನವಾಗುವ ಮೊದಲೇ ಅಜ್ಜ ಹೋಗಿಬಿಟ್ಟ. ಕೊನೆಯವರೆಗೂ ಆ ಬಟ್ಟೆಯ ಗಂಟೇ ಅವನ ಕೊರಳಲ್ಲಿತ್ತಂತೆ.

ಜಗಳೂರಿನ ಕಡೆಯಿಂದ ಒಬ್ಬ ಕಂಬಳಿ ನೇಕಾರ ಬಂದಿದ್ದ. ಜಪ್ತಿಯ ಸುದ್ದಿ ಕೇಳಿದ ಕೂಡಲೇ ಗಂಡ ಹೆಂಡತಿ ಸೇರಿ ಮಗ್ಗ ಬಿಚ್ಚಿ, ಗಾಡಿಯಲ್ಲಿ ಅತ್ತೆಯ ಊರಿಗೆ ಸಾಗಿಸಿದ್ದರು. ಕುರಿಗಳನ್ನು ಹಟ್ಟಿಯಲ್ಲೇ ಬಿಟ್ಟಿದ್ದರು. ಅಮೀನ ಬಂದು ಕುರಿಗಳನ್ನು ಹಿಡಿದುಕೊಂಡು ಹೋದ. ಮಗ್ಗ ಎದುರಿಗೇ ಇದ್ದಿದ್ದರೂ ಅದನ್ನು ಮುಟ್ಟುವಂತಿರಲಿಲ್ಲ; ಅದು ಕಸುಬಿನ ಸಲಕರಣೆ. ಕುರಿಗೆ ಅಂಥ ರಕ್ಷಣೆ ಇಲ್ಲ. ಅವನಿಗೆ ಹೊಲವಿರಲಿಲ್ಲವಾದ್ದರಿಂದ ರೈತನ ಜಾನುವಾರು ಎಂದೂ ವಾದಿಸಲಾಗಲಿಲ್ಲ.

"ಕುರಿ ಯಾಕಪ್ಪಾ ಬಿಟ್ಟೆ?" ಎಂದು ಕೇಳಿದೆ.

"ಅವು ಉಸಿರಾಡ್ತಾವಲ್ರೀ ಅಮ್ಮಾರೆ. ಉಸಿರಾಡೋದನ್ನ ಯಾರು ಜಪ್ತಿ ಮಾಡ್ತಾರೆ ಅನ್ಕಂಡೆ."

ಭಯಪಟ್ಟವರು ಅವಸರದಲ್ಲಿ ಮೊದಲು ಬಚ್ಚಿಡುವುದು ತಮಗೆ ಪ್ರಿಯವಾದದ್ದನ್ನು. ಪ್ರಿಯವಾದದ್ದು ಬಹಳ ಸಲ ಕಾನೂನು ಮೊದಲೇ ಕಾಪಾಡಿದ್ದೇ ಆಗಿರುತ್ತದೆ. ಇದನ್ನು ನಾನು ಜಗಳೂರಿನ ಆ ಕೇಸಿನಲ್ಲಿಯೇ ಕಲಿಯಬೇಕಿತ್ತು. ಆದರೆ ಅದನ್ನು ಸರಿಯಾಗಿ ಕಲಿಸಿದ್ದು ನ್ಯಾಮತಿಯ ಹಾಲಮ್ಮ.

ಹಾಲಮ್ಮ ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದಳು. ಅಡಿಕೆ ಮಾರಲು ಬಂದವರು, ಬಸ್ಸಿನ ಡ್ರೈವರ್ ಕಂಡಕ್ಟರುಗಳು, ಸಂತೆಗೆ ಬಂದವರು ಅಲ್ಲೇ ಉಣ್ಣುತ್ತಿದ್ದರು. ಗಂಡ ಬಸವರಾಜಪ್ಪ ಮಂಡಿಯಲ್ಲಿ ತೂಕದ ಕೆಲಸಕ್ಕೆ ಹೋಗುತ್ತಿದ್ದ. ಖಾನಾವಳಿಯ ನಿಜವಾದ ಬಂಡವಾಳ ತಾಮ್ರದ ಕೊಪ್ಪರಿಗೆಗಳು, ಒಂದು ಹಂಡೆ, ಕೆಲವು ದೊಡ್ಡ ಬೋಗುಣಿಗಳು. ಅವು ಹಾಲಮ್ಮನಿಗೆ ತಾಯಿ ಕೆಂಚಮ್ಮ ಕೊಟ್ಟವು. ನಮ್ಮ ಕಡೆ ಪಾತ್ರೆ ಕೊಟ್ಟರೆ ಹೆಸರು ಹಾಕಿಸಿಯೇ ಕೊಡುವುದು. ಉಳಿಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರಗಳು: ಕೆಂಚಮ್ಮನಿಂದ ಮಗಳು ಹಾಲಮ್ಮನಿಗೆ. ನಾನು ಅಲ್ಲಿ ಉಂಡ ದಿನಗಳಲ್ಲಿ ಇದನ್ನು ಕಂಡಿದ್ದೆನೋ, ಆಮೇಲೆ ಕೇಳಿ ಕಂಡಂತೆ ಅಂದುಕೊಂಡಿದ್ದೇನೋ, ಹೇಳಲಾರೆ.

ಖಾನಾವಳಿಯಿಂದ ಎರಡು ಮನೆ ಆಚೆ ನನ್ನ ಚಿಕ್ಕಮ್ಮನ ಮನೆ. ನನ್ನ ತಾಯಿಯ ತಂಗಿ, ಗೌರಮ್ಮ. ಹಾಲಮ್ಮನಿಗೂ ಅವಳಿಗೂ ಬಹಳ ಸಲಿಗೆ. ಹಿಟ್ಟು ಕಡಿಮೆಯಾದರೆ ಇಲ್ಲಿಂದ ಅಲ್ಲಿಗೆ, ಸಾರು ಹೆಚ್ಚಾದರೆ ಅಲ್ಲಿಂದ ಇಲ್ಲಿಗೆ.

ಎಪ್ಪತ್ತರ ದಶಕದ ಕೊನೆಗೆ ಬಸವರಾಜಪ್ಪ ಸ್ನೇಹಿತನೊಬ್ಬನ ಮೆಟಡಾರ್ ವ್ಯಾನಿನ ಸಾಲಕ್ಕೆ ಜಾಮೀನು ನಿಂತ. ಸ್ನೇಹಿತ ವ್ಯಾನಿನ ಸಮೇತ ಕಾಣೆಯಾದ. ಸಾಲ ಕೊಟ್ಟಿದ್ದ ಹೊನ್ನಾಳಿಯ ಸಾಹುಕಾರರು ಇಬ್ಬರ ಮೇಲೂ ದಾವೆ ಹಾಕಿ ಡಿಕ್ರಿ ಪಡೆದರು. ಬಸವರಾಜಪ್ಪ ಕೋರ್ಟಿಗೆ ಒಮ್ಮೆಯೂ ಬರಲಿಲ್ಲ. ಸಮನ್ಸನ್ನು ಮನೆಯ ಜಂತಿಗೆ ಸಿಕ್ಕಿಸಿ ಸುಮ್ಮನಿದ್ದ. ಜಪ್ತಿಯ ಆದೇಶವಾಯಿತೆಂಬ ಸುದ್ದಿ ಊರಿಗೆ ಬಂದಾಗ ಹಾಲಮ್ಮನಿಗೆ ಸಾಲದ ವಿಷಯವೇ ಮೊದಲ ಸಲ ಗೊತ್ತಾಯಿತು.

ಆ ಹೊತ್ತಿಗೆ ಅವರು ನನ್ನ ಬಳಿ ಬರಲಿಲ್ಲ. ನಾನು ಗೌರಮ್ಮನ ಅಕ್ಕನ ಮಗಳು, ವಕೀಲೆ, ವಾರದ ಕೊನೆಗೆ ಬಂದು ಹೋಗುವವಳು ಎಂದು ಗೊತ್ತಿದ್ದೂ ಬರಲಿಲ್ಲ. ಮುಂದೆ ನಡೆದದ್ದನ್ನು ನಾನು ಕೇಳಿದ್ದು ಮೂರು ಬಾಯಿಂದ, ಮೂರು ರೀತಿಯಲ್ಲಿ. ಎಲ್ಲರೂ ಒಪ್ಪುವ ಭಾಗ ಇಷ್ಟು: ಅಮೀನ ಬರುವ ಮುಂಚೆ ತಾಮ್ರವೆಲ್ಲ ಚಿಕ್ಕಮ್ಮನ ಮನೆಗೆ ಹೋಯಿತು. ಹೋದ ಮೇಲೆ, ಪಾತ್ರೆಗೆ ಹೆಸರು ಹಾಕುವವನನ್ನು ಕರೆಸಿ ಹಳೆಯ ಅಕ್ಷರಗಳನ್ನು ಕುಟ್ಟಿಸಿ, ತಿಕ್ಕಿಸಿ, ಮಟ್ಟ ಮಾಡಿಸಿದರು. ಆ ಜಾಗದಲ್ಲಿ ಗೌರಮ್ಮ ಎಂದು ಹೊಸದಾಗಿ ಕೊರೆಸಿದರು.

ಒಪ್ಪದ ಭಾಗ ಇದು. ಹೆಸರು ಬದಲಿಸುವ ಯೋಚನೆ ಗೌರಕ್ಕನದೇ ಎನ್ನುತ್ತಾಳೆ ಹಾಲಮ್ಮ. ಬಸವರಾಜಪ್ಪನದು ಎನ್ನುತ್ತಾಳೆ ಚಿಕ್ಕಮ್ಮ. "ಪಾತ್ರೆ ಪಡಗದ ಇಚಾರ ಹೆಂಗಸರದು, ನಂಗೇನು ಗೊತ್ತು," ಎನ್ನುತ್ತಾನೆ ಬಸವರಾಜಪ್ಪ.

ಅಮೀನ ಬಂದ ದಿನ ಖಾನಾವಳಿಯಲ್ಲಿ ಸಿಕ್ಕಿದ್ದು ಬೆಂಚುಗಳು, ಒಂದು ರೇಡಿಯೋ, ಬಸವರಾಜಪ್ಪನ ಸೈಕಲ್ಲು. ಅವನ್ನು ಬರೆದುಕೊಂಡ. ಸಾಹುಕಾರರ ಗುಮಾಸ್ತನಿಗೆ ಸಮಾಧಾನವಾಗಲಿಲ್ಲ.

"ಇಷ್ಟು ಜನಕ್ಕೆ ಅಡುಗೆ ಮಾಡೋಳು ಅಂಗೈಯಲ್ಲಿ ಮಾಡ್ತಾಳೇನ್ರೀ? ತಾಮ್ರ ಎಲ್ಲೈತೆ?"

ಯಾರೋ ಕಣ್ಣಿನಲ್ಲೇ ದಾರಿ ತೋರಿಸಿದರು. ಗುಮಾಸ್ತ, ಅಮೀನ, ಪಂಚರು ಚಿಕ್ಕಮ್ಮನ ಮನೆ ಮುಂದೆ ನಿಂತರು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಬರ್ರಿ ಒಳಗೆ. ಹೆದರ್ಕಬ್ಯಾಡ್ರಿ, ನಾವೇನು ಕಚ್ಚಾದಿಲ್ಲ. ಹೆಸರು ಓದಾಕೆ ಬರ್ತೈತಲ್ಲ? ಓದ್ರಿ."

ಅಮೀನ ಬಗ್ಗಿ ಓದಿದ. "ಗೌರಮ್ಮ ಅಂತೈತೆ."

"ಮತ್ತೆ? ನನ್ನ ಹೆಸರು ನಂಗೆ ಮರ್ತೋಗೈತೆ ಅನ್ಕಂಡ್ರಾ?"

"ಅಕ್ಷರ ಹೊಸದಾಗಿ ಕಾಣ್ತಾವಲ್ರೀ," ಎಂದ ಗುಮಾಸ್ತ.

"ದಿನಾ ಹುಣಸೆಹಣ್ಣು ಹಾಕಿ ಬೆಳಗ್ತೀನಿ. ನಿಮ್ಮನೇಲಿ ಬೆಳಗಲ್ವಾ? ಪಾಪ, ಯಾರನ್ನ ಕಟ್ಕಂಡೀರೋ."

ಪಂಚರು ನಕ್ಕರಂತೆ. ಅಮೀನ ಹಾಲಮ್ಮನನ್ನು ಕರೆದು, ಎಲ್ಲರೆದುರು ಕೇಳಿದ. "ಇವು ನಿಮ್ಮವಾ ತಾಯಿ? ನೋಡಿ ಹೇಳ್ರಿ."

"ಅಲ್ರೀ," ಎಂದಳು ಹಾಲಮ್ಮ. "ನನ್ನವಲ್ಲ. ಗೌರಕ್ಕನವು."

ಅದನ್ನು ಪಂಚನಾಮೆಯಲ್ಲಿ ಬರೆದು ಅವಳ ಹೆಬ್ಬೆಟ್ಟು ಹಾಕಿಸಿಕೊಂಡರು. ಅಮೀನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ. ಅವನು ಹೋದ ಮೇಲೆ ಇಬ್ಬರು ಹೆಂಗಸರೂ ಅಡುಗೆಮನೆಯಲ್ಲಿ ಕೂತು ಬಿದ್ದು ಬಿದ್ದು ನಕ್ಕರೆಂದು ಹಾಲಮ್ಮನೇ ನನಗೆ ಹೇಳಿದಳು. ನಗುವಿನ ವಿಷಯ ಚಿಕ್ಕಮ್ಮ ಯಾವತ್ತೂ ಹೇಳಲಿಲ್ಲ.

ಬೆಂಚುಗಳು ತಮಟೆ ಹೊಡೆಸಿ ಹರಾಜಾದವು. ಕೋರ್ಟಿನ ಎದುರಿನ ಚಹದಂಗಡಿಯವನು ಕೂಗಿ ಕೊಂಡುಕೊಂಡ. ಆ ಬೆಂಚಿನ ಮೇಲೆ ಕೂತು ನಾನೂ ಎಷ್ಟೋ ಸಲ ಚಹ ಕುಡಿದಿದ್ದೇನೆ.

ಕೆಲವು ವಾರದ ನಂತರ ಹಾಲಮ್ಮ ಹೊನ್ನಾಳಿಯ ಆಫೀಸಿಗೆ ಬಂದಳು. ಒಬ್ಬಳೇ ಬಂದಿದ್ದಳು. ಖಾನಾವಳಿ ಮುಚ್ಚಿತ್ತು. ನೆಲದ ಮೇಲೆ ಕೂರಿಸಿ ಬಡಿಸುತ್ತೇನೆ, ಬೆಂಚು ಬೇಡ, ಆದರೆ ಪಾತ್ರೆ ಬೇಕು ಎಂದು ಗೌರಕ್ಕನನ್ನು ಕೇಳಿದ್ದಳಂತೆ.

"ಏನಂದಳು ಚಿಕ್ಕಮ್ಮ?"

"ಈಗ ಕೊಟ್ರೆ ಆ ಗುಮಾಸ್ತ ಮತ್ತೆ ಬರ್ತಾನೆ, ನನ್ನ ಜೈಲಿಗ್ ಹಾಕಿಸ್ತೀಯಾ ಅಂದ್ರು. ಕೋರ್ಟಿನೋರ ಮುಂದೆ ನನ್ನವು ಅಂದೀನಿ, ನೀನೂ ಹೆಬ್ಬೆಟ್ಟು ಒತ್ತೀಯಾ, ಎಲ್ಲಾ ತಣ್ಣಗಾಗ್ಲಿ ಅಂದ್ರು. ಅದು ಯಾವಾಗ ತಣ್ಣಗಾಗ್ತೈತ್ರೀ ವಕೀಲಮ್ಮಾರೆ?"

ಡಿಕ್ರಿಗೆ ಹನ್ನೆರಡು ವರ್ಷ ಆಯುಸ್ಸು. ಅದನ್ನು ಹೇಳಿದೆ. ಹನ್ನೆರಡು ವರ್ಷವೆಂದರೆ ಎಷ್ಟೆಂದು ಅವಳು ಲೆಕ್ಕ ಹಾಕುವಂತೆ ಕಾಣಲಿಲ್ಲ.

"ಮೊದಲು ಆ ಪಾತ್ರೆ ನಿಮ್ಮವೇ ಅಂತ ತೋರಿಸೋಣ," ಎಂದೆ. "ನಿಮ್ಮ ತಾಯಿ ಕೊಟ್ಟದ್ದು ನಿಮ್ಮ ಸೊತ್ತು. ನಿಮ್ಮ ಗಂಡನ ಜಾಮೀನಿಗೆ ಅದನ್ನ ಹಿಡಿಯೋ ಹಾಗೇ ಇಲ್ಲ. ಹಿಡಿದಿದ್ದರೂ ಒಂದು ತಕರಾರು ಅರ್ಜಿ ಹಾಕಿ ಬಿಡಿಸಬಹುದಿತ್ತು. ತಾಯಿ ಕೊಟ್ಟದ್ದಕ್ಕೆ ಏನಾದರೂ ಗುರುತು ಇದೆಯಾ?"

ಆಗ ಅವಳು ಅಳಿಸಿದ ಹೆಸರಿನ ವಿಷಯ ಹೇಳಿದಳು. ಅಲ್ಲಿಯವರೆಗೆ ಪಾತ್ರೆ ಸಾಗಿಸಿದ್ದು ಮಾತ್ರ ನನಗೆ ಗೊತ್ತಿತ್ತು.

ಸತ್ಯ ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದೆನೆಂದು ನೆನಪು. ಹೇಳಿದೆ. ಆ ಅಕ್ಷರಗಳು ಇದ್ದ ಹಾಗೇ ಇದ್ದಿದ್ದರೆ, ಪಾತ್ರೆಗಳು ಖಾನಾವಳಿಯ ಒಲೆಯ ಮೇಲೇ ಇದ್ದಿದ್ದರೆ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅಮೀನನೇ ಓದಿ ಬರೆದುಕೊಳ್ಳುತ್ತಿದ್ದ.

ಹಾಲಮ್ಮ ನನ್ನ ಮುಖವನ್ನೇ ನೋಡಿದಳು. "ನಮ್ಮವ್ವನ ಹೆಸರೇ ಸಾಕಿತ್ತಾ?"

"ಸಾಕಿತ್ತು."

"ಅದು ಅಳಿಸೋವಾಗ ನಾನೇ ಕೊಪ್ಪರಿಗೆ ಅಲ್ಲಾಡ್ದಂಗೆ ಹಿಡ್ಕಂಡಿದ್ದೆ ಕಣ್ರೀ," ಎಂದಳು.

ಪಾತ್ರೆ ಬಿಡಿಸಿಕೊಡಿ ಎಂದು ಚಿಕ್ಕಮ್ಮನ ಮೇಲೆ ದಾವೆ ಹಾಕುವ ಮಾತೂ ಬಂತು. ಹಾಕಿದರೆ ಎದುರು ವಕೀಲ ಮೊದಲು ತೆಗೆಯುವುದು ಆ ಪಂಚನಾಮೆಯನ್ನೇ. ನನ್ನವಲ್ಲ ಎಂದು ಹೆಬ್ಬೆಟ್ಟು ಒತ್ತಿದವಳು ಈಗ ನನ್ನವು ಎನ್ನುತ್ತಾಳೆ. ಯಾವ ಮಾತು ಸುಳ್ಳು ಎಂದು ಕೇಳುತ್ತಾನೆ. ಗೆದ್ದರೂ ಸಾಹುಕಾರರ ಗುಮಾಸ್ತ ಹೊರಗೆ ಕಾಯುತ್ತಿರುತ್ತಾನೆ, ಮತ್ತೆ ಮೊದಲಿನಿಂದ ವಾದ. ಎದುರಾಳಿ ನನ್ನ ಚಿಕ್ಕಮ್ಮ. ಅವಳ ಮನೆಯಲ್ಲಿ ಉಂಡು ಬೆಳೆದ ನಾನು ಈ ಕೇಸು ನಡೆಸುವುದು ಸರಿಯಲ್ಲವೆಂದು ಬೇರೊಬ್ಬ ವಕೀಲರ ಹೆಸರು ಹೇಳಿದೆ. ಹಾಲಮ್ಮ ಅವರ ಹತ್ತಿರ ಹೋಗಲಿಲ್ಲ. "ಗೌರಕ್ಕನ್ನ ಕೋರ್ಟಿಗ್ ಎಳೆಯಾಕೆ ನಂಗೆ ಬಾಯಿ ಇಲ್ರೀ. ನಮಗೋಸ್ಕರ ಸುಳ್ಳು ಹೇಳಿದೋರು," ಎಂದಳಂತೆ.

ನ್ಯಾಮತಿಗೆ ಹೋದಾಗ ನಾನು ಚಿಕ್ಕಮ್ಮನ ಹತ್ತಿರ ಮಾತೆತ್ತಿದೆ. ಪಾತ್ರೆಗಳು ಅಟ್ಟದ ಮೇಲಿದ್ದವು. "ತಣ್ಣಗಾಗ್ಲಿ ತಡಿಯೇ ಲಾಯರಮ್ಮ. ನಿಂಗೆ ಕಾನೂನು ಗೊತ್ತು, ನಂಗೆ ಊರು ಗೊತ್ತು," ಎಂದಳು. ಅದು ಸುಳ್ಳು ನೆಪವೆಂದು ಆಗ ನನಗೆ ಅನ್ನಿಸಲಿಲ್ಲ. ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಹಾಲಮ್ಮನ ಮಗುವಿಗೆ ಜ್ವರ ಬಂದಾಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಕೂತವಳೂ ಇದೇ ಚಿಕ್ಕಮ್ಮ.

ಹೊಸಬರಿಗೆ ನಾನು ಹೇಳುವುದು ಇಲ್ಲಿದೆ. ಸೋತ ಕಕ್ಷಿದಾರ ಬಂದು ಕೂತ ಕೂಡಲೇ ಕಾಗದ ಕೇಳಬೇಡಿ. ಮನೆಯಿಂದ ಏನನ್ನಾದರೂ ಸಾಗಿಸಿದ್ದೀರಾ ಎಂದು ಕೇಳಿ. ಸಾಗಿಸಿಲ್ಲವೆಂದರೆ, ಸಾಗಿಸಬೇಡಿ ಎಂದು ಹೇಳಿ. ಯಾವುದು ಮುಟ್ಟಬಾರದ್ದು ಎಂಬುದನ್ನು ಅವರ ಮಾತಿನಲ್ಲಿ, ಅವರ ಅಡುಗೆಮನೆಯ ಹೆಸರುಗಳಲ್ಲಿ ಹೇಳಿ, ಹೆಂಡತಿಯನ್ನೂ ಕರೆಸಿ ಹೇಳಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಹಾಲಮ್ಮ ಮೊದಲೇ ನನ್ನ ಬಳಿ ಬರುತ್ತಿದ್ದಳೆಂದು ಹೇಗೆ ನಂಬಲಿ?

ಡಿಕ್ರಿಯ ಆಯುಸ್ಸು ಮುಗಿಯುವ ಮುಂಚೆಯೇ ಸಾಹುಕಾರರು ತೀರಿಕೊಂಡರು. ಅವರ ಮಕ್ಕಳು ಆ ಕೇಸನ್ನು ಕೈಬಿಟ್ಟರು. ಅದನ್ನು ನಾನೇ ವಿಚಾರಿಸಿ ಚಿಕ್ಕಮ್ಮನಿಗೆ ಹೇಳಿದೆ. ಇನ್ನು ಯಾವ ಗುಮಾಸ್ತನೂ ಬರುವುದಿಲ್ಲ ಎಂದೆ. "ಹೌದಾ, ಒಳ್ಳೇದಾಯ್ತು," ಎಂದಳು. ಪಾತ್ರೆಗಳು ಅಟ್ಟದಿಂದ ಇಳಿಯಲಿಲ್ಲ.

ಇಳಿದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಚಿಕ್ಕಮ್ಮನ ಮಗಳ ಮದುವೆಗೆ. ಹಾಲಮ್ಮ ಆಗ ಊರೂರು ತಿರುಗಿ ಮದುವೆ ಮನೆಗಳಲ್ಲಿ ಕೂಲಿಗೆ ಅಡುಗೆ ಮಾಡುತ್ತಿದ್ದಳು. ಬಸವರಾಜಪ್ಪ ಚನ್ನಗಿರಿಯ ಒಂದು ಮಂಡಿ ಸೇರಿದ್ದ, ಮನೆಗೆ ಬರುವುದು ಅಪರೂಪ. ಚಿಕ್ಕಮ್ಮ ಅಡುಗೆಗೆ ಹಾಲಮ್ಮನನ್ನೇ ಕರೆದಳು.

ಮನೆಯ ಹಿಂದೆ ಚಪ್ಪರ ಹಾಕಿ, ಕಲ್ಲೊಲೆ ಹೂಡಿ, ಅದರ ಮೇಲೆ ಆ ಕೊಪ್ಪರಿಗೆ ಏರಿಸಿದ್ದರು. ನಾನು ಹೋದಾಗ ಹಾಲಮ್ಮ ಗೋಧಿ ಪಾಯಸ ತಿರುವುತ್ತಿದ್ದಳು. ಕೆಲಸಕ್ಕೆ ಬಂದ ಒಬ್ಬಾಕೆ ಸೌಟು ತೆಗೆದುಕೊಳ್ಳಲು ಹೋದಾಗ ತಡೆದಳು.

"ಬ್ಯಾಡ, ನಾನೇ ತಿರುವ್ತೀನಿ. ಇದು ಎಡಗಡೆ ತಳ ಹಿಡೀತೈತೆ."

"ನಿಂಗ್ ಹೆಂಗ್ ಗೊತ್ತಕ್ಕಾ?"

"ಗೊತ್ತೈತೆ ಅಷ್ಟೆ. ಇದರ ಕೂಡ ಸಂಸಾರ ಮಾಡೀನಿ."

ಆಕೆ ನಕ್ಕಳು. ಚಿಕ್ಕಮ್ಮ ಅಲ್ಲೇ ಬಾಗಿಲಲ್ಲಿ ಬೆಲ್ಲದ ಅಚ್ಚು ಹಿಡಿದುಕೊಂಡು ನಿಂತಿದ್ದಳು. ಅವಳು ಕೇಳಿಸಿಕೊಂಡಳು, ಇದರಲ್ಲಿ ನನ್ನ ನೆನಪು ತಪ್ಪಿಲ್ಲ ಎಂದೇ ನಂಬಿದ್ದೇನೆ. ಬೆಲ್ಲ ಕೊಟ್ಟು, "ಹಾಲಮ್ಮ, ಸಿಹಿ ಸ್ವಲ್ಪ ಮುಂದಾಗಿರ್ಲಿ," ಎಂದು ಒಳಗೆ ಹೋದಳು.

ಊಟವೆಲ್ಲ ಮುಗಿದು, ಹಾಲಮ್ಮ ಕೊಪ್ಪರಿಗೆಗಳನ್ನು ತೊಳೆದು, ಬೂದಿ ಹಾಕಿ ಉಜ್ಜಿ, ಗೋಡೆಗೆ ಬೋರಲು ಹಾಕಿದಳು. ಕೂಲಿ, ಒಂದು ರವಿಕೆ ಕಣ, ಎಲೆಯಲ್ಲಿ ಕಟ್ಟಿದ ಊಟ ತೆಗೆದುಕೊಂಡು ಹೊರಟಳು. ಹೋಗುವಾಗ ಪಾತ್ರೆಗಳ ಕಡೆ ತಿರುಗಿ ನೋಡಿದಳೆಂದು ಬರೆಯಬಹುದು. ನೋಡಿದ್ದು ನನಗೆ ನೆನಪಿಲ್ಲ. ನನಗೆ ಕೈಮುಗಿದು, "ಹೋಗ್ಬರ್ತೀನ್ರೀ," ಎಂದಳು.

ಮರುದಿನ ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಅವನ್ನು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದೆವು. ಅವಳು ಮೇಲೆ, ಏಣಿಯ ತುದಿಯಲ್ಲಿ. ನಾನು ಕೆಳಗಿನಿಂದ ಎತ್ತಿ ಕೊಡುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ. ಕೊಪ್ಪರಿಗೆಯನ್ನು ಅವಳ ಕೈಗೆ ಬಿಡುವ ಮುಂಚೆ ಒಂದು ಮಾತು ಕೇಳಿದೆ. ಅವಳು ಕೇಳದವಳಂತೆ ಅದನ್ನು ಎಳೆದುಕೊಂಡು ಅಟ್ಟದ ಕತ್ತಲೆಗೆ ಸರಿಸಿದಳು. ಚಿಕ್ಕಮ್ಮ ಈಗ ಮಗಳ ಮನೆಯಲ್ಲಿದ್ದಾಳೆ, ಕಿವಿ ಚೆನ್ನಾಗಿದೆ, ನಾನು ಹೋದರೆ ಕೈ ಹಿಡಿದುಕೊಂಡು ಬೇಕಾದಷ್ಟು ಮಾತಾಡುತ್ತಾಳೆ. ಅದೊಂದಕ್ಕೆ ಮಾತ್ರ ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ.

"ಚಿಕ್ಕಮ್ಮ, ಅವಳ ಹೆಸರು ಅಳಿಸಿ ನಿನ್ನ ಹೆಸರು ಕೊರೆಸಿದ ದಿನ, ಇವನ್ನ ವಾಪಸ್ ಕೊಡೋ ಮನಸ್ಸು ನಿನಗಿತ್ತಾ?"